ತಿಪ್ಪಿ ಬಂದಿಲ್ಲ ಮಿಸ್

ಮೊಮ್ಮಗಳನ್ನು ಶಾಲೆಗೆ ಸೇರಿಸುವುದಕ್ಕೆ ಲಕ್ಷ್ಮೀದೇವಮ್ಮನದು ಏನೇನೂ ತಕರಾರಿರಲಿಲ್ಲ. ತಕರಾರೆಲ್ಲ ಹೆಸರಿನದು. ಜೂನ್ ತಿಂಗಳ ಆ ಬೆಳಿಗ್ಗೆ ಮಗ ಕೆಂಪರಾಜು ಹುಡುಗಿಯ ಕೈ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಹೋದ, ಈಕೆ ಹೊಂಗೆಮರದ ನೆರಳಲ್ಲಿ ನಿಂತಳು. ಹೊರಗೆ ಬಂದವನ ಮುಖ ನೋಡಿದ ಕೂಡಲೇ ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆ ಎಂದು ಗೊತ್ತಾಗಿಹೋಯಿತು. ಹೆತ್ತವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಹೆಸರೇನು ಅಂತ ಕೇಳಿದರು, ಬಾಯಿಗೆ ಅದೇ ಬಂತು ಎಂದ. ಅದೇ ಅಂದರೆ ಯಾವುದಪ್ಪಾ ಎಂದಳು. ಕೆಂಪರಾಜು ಬೈಕಿನ ಕನ್ನಡಿ ಒರೆಸುತ್ತ, ತಾಯಿಯ ಕಡೆ ನೋಡದೆ, ಸಿಂಧು ಎಂದ.

ಸಿಂಧು ಅವನ ಮೊದಲ ಮಗಳು. ಶಾಲೆಗೆ ಹೋಗಬೇಕಾಗಿದ್ದ ವರ್ಷವೇ, ಬ್ಯಾಗು ತಂದು ಗೂಟಕ್ಕೆ ನೇತುಹಾಕಿದ್ದಾಗಲೇ, ಡೆಂಗಿ ಜ್ವರ ಬಂದು ಹೋಗಿಬಿಟ್ಟಿದ್ದಳು. ಆ ಕೂಸಿಗೆ ಶಾಲೆಯ ಹುಚ್ಚು ಅಂದರೆ ಹುಚ್ಚು. ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಕೊಂಡೇ ಬೀದಿಯಲ್ಲಿ ಹೋಗುವ ಮಕ್ಕಳನ್ನು ನೋಡುತ್ತ, ನನ್ನ ಯಾವಾಗ ಕರೀತಾರೆ, ನನ್ನ ಯಾವಾಗ ಕರೀತಾರೆ ಎಂದು ಕೇಳಿ ಕೇಳಿ ಎಲ್ಲರ ಜೀವ ತಿನ್ನುತ್ತಿತ್ತು.

ಆಮೇಲೆ ಹುಟ್ಟಿದ್ದು ಇವಳು. ಒಂದು ಕೈಬಿಟ್ಟುಹೋದ ಮನೆಯಲ್ಲಿ ಇನ್ನೊಂದು ಹುಟ್ಟಿದರೆ ಸುಮ್ಮನೆ ತೊಟ್ಟಿಲಿಗೆ ಹಾಕುತ್ತಾರೆಯೇ? ಲಕ್ಷ್ಮೀದೇವಮ್ಮ ಮಗುವನ್ನು ಹಿತ್ತಲ ತಿಪ್ಪೆಯ ಮೇಲೆ ಹೊರಳಿಸಿದಳು. ಮೊರದಲ್ಲಿಟ್ಟು ಪಕ್ಕದ ಮನೆಯ ಮುನಿವೆಂಕಟಮ್ಮನ ಕೈಗೆ ಕೊಟ್ಟು, ಒಂದು ಹಿಡಿ ರಾಗಿ ಹೊಟ್ಟು ಸುರಿದು ವಾಪಸ್ಸು ಕೊಂಡುಕೊಂಡಳು. ಹೊಟ್ಟಿಗೆ ಸಿಕ್ಕಿದ ಮಗು, ತಿಪ್ಪೆಯಲ್ಲಿ ಬಿದ್ದಿದ್ದ ಮಗು, ಇದರ ಮೇಲೆ ಯಾವ ಸಾವಿಗೆ ತಾನೇ ಆಸೆಯಾದೀತು? ಮೂಗು ಚುಚ್ಚಿಸಿ ತಿಪ್ಪಿ ಎಂದು ಕರೆದಳು. ಊರೂ ತಿಪ್ಪಿ ಎಂದಿತು, ಅಂಗನವಾಡಿಯೂ ತಿಪ್ಪಿ ಎಂದಿತು. ಚೆಂದದ ಹೆಸರು ಆಮೇಲೆ ಇಟ್ಟರಾಯಿತು ಎಂದು ದೊಡ್ಡವರೆಲ್ಲ ಅದನ್ನು ಮುಂದೂಡಿಕೊಂಡೇ ಬಂದಿದ್ದರು. ಮುಂದೂಡಿದ್ದಕ್ಕೆ ಇವತ್ತು ಹೀಗಾಯಿತು.

ಅಜ್ಜಿ ತಾತನ ಹೆಸರನ್ನು ಮಕ್ಕಳಿಗೆ ಇಡುವುದಿಲ್ಲವೇ, ಇದೂ ಹಾಗೇ ಅಲ್ಲವೇ ಎಂದು ಕೆಂಪರಾಜು ವಾದ ಮಾಡಿದ.

"ಬಾಳಿ ಬದುಕಿ ಸಾಕು ಅಂತ ಹೋದೋರ ಹೆಸ್ರು ಕಣೋ ಇಡೋದು," ಎಂದಳು ಲಕ್ಷ್ಮೀದೇವಮ್ಮ. "ಆಸೆ ಇಟ್ಕೊಂಡು ಹೋದೋರ್ದಲ್ಲ."

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಅವನ ಶಿಫ್ಟಿಗೆ ಹೊತ್ತಾಗಿತ್ತು. ಬೈಕು ಒದ್ದು ಹೊರಟುಹೋದ.

ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ಹೇಳಿಕೊಡುತ್ತಾರೆ ಎಂದೇ ಲಕ್ಷ್ಮೀದೇವಮ್ಮ ತಿಳಿದುಕೊಂಡಿದ್ದಳು. ಅದೆಲ್ಲ ಆಮೇಲಿನದು. ಮೊದಲು ಕಲಿಸುವುದೇ ಬೇರೆ. ಸಾಲಿನಲ್ಲಿ ನಿಲ್ಲಬೇಕು, ಕೇಳಿಕೊಂಡೇ ಒಂದಕ್ಕೆ ಹೋಗಬೇಕು, ಬೆಲ್ ಹೊಡೆಯುವ ತನಕ ಹಸಿವಾಗಬಾರದು. ಅದಕ್ಕೂ ಮೊದಲು, ಹೆಸರು ಕೂಗಿದಾಗ ಎದ್ದು ನಿಂತು 'ಬಂದಿದ್ದೀನಿ ಮಿಸ್' ಎನ್ನಬೇಕು. ಮೊದಲ ದಿನ ಹಾಜರಿ ಮುಗಿದ ಮೇಲೆ ಈ ಹುಡುಗಿ ಎದ್ದು ನಿಂತು, ನನ್ನ ಹೆಸರು ಕೂಗಲೇ ಇಲ್ಲ ಎಂದು ಅತ್ತಳಂತೆ. ಶಶಿರೇಖಾ ಮಿಸ್ ದೊಡ್ಡಬಳ್ಳಾಪುರದಿಂದ ಸ್ಕೂಟಿಯಲ್ಲಿ ಬರುವ ಹೆಣ್ಣುಮಗಳು, ಒಳ್ಳೆಯವಳು, ಮಕ್ಕಳ ಮೇಲೆ ಕೈಮಾಡಿದವಳಲ್ಲ. ಹತ್ತಿರ ಕೂರಿಸಿಕೊಂಡು, ನೀನೇ ಸಿಂಧು ಪುಟ್ಟ, ಇಲ್ಲಿ ತಿಪ್ಪಿ ಅನ್ನೋರು ಯಾರೂ ಇಲ್ಲ ಎಂದು ಸಮಾಧಾನ ಮಾಡಿದಳಂತೆ. ಹಾಗಾದರೆ ತಿಪ್ಪಿ ಹೊರಗೇ ಇರಬೇಕಾ ಎಂದು ಕೇಳಿತಂತೆ ಮಗು. ಮಿಸ್ ನಕ್ಕು, ಹೂಂ, ಹೆಸರು ಕೂಗಿದವರು ಮಾತ್ರ ಒಳಗೆ ಎಂದಳಂತೆ. ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಇದನ್ನೆಲ್ಲ ನಗುನಗುತ್ತ ಹೇಳಿದವಳೂ ಅವಳೇ.

ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಆಡುತ್ತವೆ. ಇವಳೂ ಆಡಿದಳು. ಶಾಲೆಯಿಂದ ಬಂದು ಹೊಸಿಲಾಚೆ ನಿಂತುಬಿಡುವಳು. ಯಾರಾದರೂ ಹೆಸರು ಕೂಗಬೇಕು, ಆಮೇಲೇ ಒಳಗೆ ಬರುವುದು. ಲಕ್ಷ್ಮೀದೇವಮ್ಮ ತಿಪ್ಪೀ ಎಂದು ಕೂಗಿದರೆ ಸಾಕು, ಬ್ಯಾಗನ್ನು ಎಲ್ಲೋ ಎಸೆದು ಓಡಿಬಂದು ತೊಡೆಗೆ ಡಿಕ್ಕಿ ಹೊಡೆಯುವಳು. ಚೆನ್ನಾಗಿಯೇ ಇತ್ತು ಆಟ.

ಒಂದು ಸಂಜೆ ಕೂಗಿದವಳು ಸೊಸೆ ವಾಣಿಶ್ರೀ. ಗಾರ್ಮೆಂಟ್ಸಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಅಡುಗೆಮನೆಯಿಂದ ಮೆಲ್ಲಗೆ, ಕದ್ದು ಬೆಲ್ಲ ತಿನ್ನುವವಳ ಹಾಗೆ, ಸಿಂಧು ಎಂದಳು. ಮಗು ಓಡಿಬರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದು, ಗೋಡೆ, ತೊಲೆ, ದೇವರ ಗೂಡು ಎಲ್ಲವನ್ನೂ ನೋಡಿತು. ನೋಡಿ, ಕಿಟಕಿ ಪಕ್ಕ ಇದ್ದ ಮಂಚ ಎಲ್ಲಿ ಎಂದು ಕೇಳಿತು.

ಆ ಮಂಚವನ್ನು ಸಿಂಧು ಹೋದ ಹತ್ತನೆಯ ದಿನವೇ ಯಾರಿಗೋ ಎತ್ತಿ ಕೊಟ್ಟಾಗಿತ್ತು. ಆಗ ಈ ಮಗು ತಾಯಿಯ ಹೊಟ್ಟೆಯಲ್ಲೂ ಇರಲಿಲ್ಲ. ಲಕ್ಷ್ಮೀದೇವಮ್ಮ ಸೊಸೆಯ ಕಡೆ ತಿರುಗಿದಳು. ನಮ್ಮ ಮಾತನ್ನು ಎಲ್ಲೋ ಕೇಳಿಸಿಕೊಂಡಿರಬೇಕು ಬಿಡಿ ಅತ್ತೆ ಎಂದಳು ವಾಣಿಶ್ರೀ. ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಊಟದ ತಟ್ಟೆ ಕಂಡ ಹಸಿದವರ ಮುಖದಂತಿತ್ತು ಅದು. ಅಂದಿನಿಂದ ಅವಳು ಇನ್ನೊಂದು ಹೆಸರನ್ನು ಬಾಯಲ್ಲಿ ಆಡಲಿಲ್ಲ, ಕೆಂಪರಾಜುವೂ ಆಡಲಿಲ್ಲ. ಬೈಯೋಣ ಎಂದರೆ ಲಕ್ಷ್ಮೀದೇವಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ಸಿಂಧುವನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು ತಾನೇ ಅಲ್ಲವೇ? ಆ ಹೆಸರು ಮನೆಯಲ್ಲಿ ಓಡಾಡುವುದು ಕಿವಿಗೆ ಹಿತವಾಗಿಯೇ ಇತ್ತು. ಹಾಳಾದ್ದು, ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು.

ಒಂದನೇ ಕ್ಲಾಸಿನ ಕೋಣೆಯಲ್ಲಿ ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದು, ಮಗುವಿಗೊಂದರಂತೆ ಚೌಕ ಹಾಕಿದ್ದಾರೆ. ಅವರವರ ಚೌಕದಲ್ಲಿ ಅವರವರು ಬರೆಯಬೇಕು. ಡೈರಿಗೆ ಹಾಲು ಹಾಕಿ ಬರುವಾಗ ಲಕ್ಷ್ಮೀದೇವಮ್ಮ ಕಿಟಕಿಯಲ್ಲಿ ಇಣುಕುವುದು ರೂಢಿಯಾಯಿತು. ಮೊಮ್ಮಗಳು ತನ್ನ ಚೌಕದ ನಡುವೆ ಉದ್ದಕ್ಕೆ ಒಂದು ಗೀಟು ಎಳೆದಿದ್ದಳು. ಒಂದು ಕಡೆ ಸಿಂಧು ಎಂದು ಬರೆದಿತ್ತು, ಇನ್ನೊಂದು ಕಡೆ ಖಾಲಿ. ಅದು ಯಾರದು ಎಂದು ಮಿಸ್ ಕೇಳಿದ್ದಕ್ಕೆ, ಹೊರಗೆ ಇರೋಳದು ಎಂದಿದ್ದಳಂತೆ. ಗೌರಿಹಬ್ಬದ ಹೊತ್ತಿಗೆ ಗೀಟು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ದೀಪಾವಳಿ ಕಳೆದ ಮೇಲೆ ನೋಡಿದರೆ ಖಾಲಿ ಜಾಗ ನಾಲ್ಕು ಬೆರಳಿನಷ್ಟು ಉಳಿದಿತ್ತು. ಅಕ್ಷರ ದಪ್ಪ ದಪ್ಪಗೆ ಬರೆಯುತ್ತಾಳಲ್ಲ, ಜಾಗ ಸಾಲುವುದಿಲ್ಲ ಅಜ್ಜಿ ಎಂದಳು ಶಶಿರೇಖಾ ಮಿಸ್.

ಅವರೆಕಾಯಿ ಕಾಲ ಬಂತು. ಕಾಳು ನೆನೆಹಾಕಿ, ಹಿತಕಿದ ಬೇಳೆ ಮಾಡಲು ಲಕ್ಷ್ಮೀದೇವಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಮಗು ಬಂದು ಮಡಿಲಲ್ಲಿ ಕೂತು ತಾನೂ ಹಿತಕತೊಡಗಿತು. ಬೇಳೆಯನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಅಜ್ಜಿಯ ಮುಂಗೈಗೆ ಒಂದರ ಪಕ್ಕ ಒಂದು ಅಂಟಿಸುತ್ತ ಹೋಯಿತು. ತಿಪ್ಪಿಗೆ ಅವರೆಕಾಳಿನ ವಾಸನೆ ಕಂಡರಾಗುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಹೀಗೆ ಸಿಪ್ಪೆ ಅಂಟಿಸಿ, ಬಳೆ ತೊಡಿಸಿದೆ ಎಂದು ನಗುತ್ತಿದ್ದವಳು ಒಬ್ಬಳೇ.

"ಬಳೆ ಚೆನ್ನಾಗೈತಾ ಅಜ್ಜಮ್ಮ?" ಎಂದಿತು ಮಗು.

ಅಜ್ಜಮ್ಮ ಎಂಬ ಮಾತು ಆ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತು! ತಿಪ್ಪಿ ಹುಟ್ಟಿದಾಗಿನಿಂದ ಅಜ್ಜೀ ಎಂದೇ ಕರೆದವಳು. ಲಕ್ಷ್ಮೀದೇವಮ್ಮ ಸಿಪ್ಪೆಯನ್ನೆಲ್ಲ ಕೊಡವಿಕೊಂಡು ಎದ್ದವಳು ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತಳು. ಬಂದವಳನ್ನು ಬಿಡಲಾರಳು, ಇದ್ದವಳನ್ನು ಕೊಡಲಾರಳು. ಇಬ್ಬರೂ ಇರಲಿ ಎಂದರೆ ಮೈ ಒಂದೇ.

ಮಾರನೆಯ ದಿನವೇ ಶಾಲೆಗೆ ಹೋಗಿ ಶಶಿರೇಖಾ ಮಿಸ್ಸಿನ ಮುಂದೆ ಕೈಮುಗಿದು ನಿಂತಳು. ಬರೆದದ್ದು ಬರೆದ ಹಾಗೇ ಇರಲಿ, ದಿನಾ ಹಾಜರಿ ಕೂಗುವಾಗ ಕೊನೆಯಲ್ಲಿ ಒಂದೇ ಒಂದು ಸಲ ತಿಪ್ಪಿ ಎಂದು ಕೂಗಮ್ಮ ಎಂದು ಬೇಡಿಕೊಂಡಳು. ಮಿಸ್ಸಿಗೆ ಮುಜುಗರವಾಯಿತು. ಮಿಕ್ಕ ಮಕ್ಕಳು ಆಡಿಕೊಳ್ಳುತ್ತವೆ, ಮಗುವಿನ ಮನಸ್ಸಿಗೆ ನೋವಾಗುತ್ತೆ, ಅದೇನು ಹೆಸರು ಅಂತ ಇಟ್ಟಿರಿ ನೀವು ಎಂದಳು. ಆದರೂ ಹಿರಿಯ ಜೀವದ ಮಾತು ತೆಗೆದುಹಾಕಲಾರದೆ ಒಂದು ಬೆಳಿಗ್ಗೆ ಕೂಗಿಯೂ ಬಿಟ್ಟಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಇವಳು ಮಾತ್ರ ನಗದೆ, ಅಳದೆ, ಎದ್ದು ಕೈಕಟ್ಟಿ ನಿಂತಳಂತೆ.

"ಅವಳು ಬಂದಿಲ್ಲ ಮಿಸ್," ಎಂದಳಂತೆ.

ಇದನ್ನು ಹೇಳುವಾಗ ಶಶಿರೇಖಾ ಮಿಸ್ ಮೊದಲಿನಂತೆ ನಗಲಿಲ್ಲ. ಸ್ಕೂಟಿ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ, ಇನ್ನು ನಾನು ಆ ಹೆಸರನ್ನು ಕೂಗೋದಿಲ್ಲ ಅಜ್ಜಿ, ನನಗೆ ಯಾಕೋ ಆಗಲ್ಲ ಎಂದಳು.

ಇನ್ನು ಉಳಿದವಳು ಲಕ್ಷ್ಮೀದೇವಮ್ಮ ಒಬ್ಬಳು. ಮಗ ಸೊಸೆ ಎದುರಿಗಿದ್ದಾಗ ಸುಮ್ಮನಿದ್ದು, ಅವರು ಕೆಲಸಕ್ಕೆ ಹೋದ ಮೇಲೆ ಮಗುವನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗುವಳು. ಹಸುವಿನ ಮರೆಯಲ್ಲಿ ಕೂರಿಸಿ, ತಿಪ್ಪಿ, ಲೇ ತಿಪ್ಪಿ, ಬಾರೇ ಮಗಾ ಎಂದು ಕರೆಯುವಳು. ಕರೆದ ಕೂಡಲೇ ತಿರುಗುತ್ತಿದ್ದವಳು ಆಮೇಲಾಮೇಲೆ ತುಂಬ ಹೊತ್ತು ತೆಗೆದುಕೊಂಡಳು. ಎಲ್ಲೋ ಬಹಳ ದೂರದಿಂದ ನಡೆದು ಬಂದವಳಂತೆ ಕಣ್ಣು ಬಿಡುವಳು, ಅಜ್ಜೀ ಎನ್ನುವಳು, ತೊಡೆಯನ್ನು ತಬ್ಬಿಕೊಂಡು ಹಾಗೇ ನಿದ್ದೆಹೋಗುವಳು. ತಾನು ಕರೆಯುವುದನ್ನು ನಿಲ್ಲಿಸಿದ ದಿನ ಇವಳಿಗೆ ಬರಲು ದಾರಿಯೇ ಇರುವುದಿಲ್ಲ ಎಂದು ಲಕ್ಷ್ಮೀದೇವಮ್ಮನಿಗೆ ಗೊತ್ತಿತ್ತು. ಯಾರು ಏನೇ ಅನ್ನಲಿ, ಉಸಿರಿರುವ ತನಕ ಕರೆಯುತ್ತೇನೆ ಎಂದು ಸಪ್ಪಲಮ್ಮನ ಗುಡಿಯಲ್ಲಿ ಕರ್ಪೂರ ಮುಟ್ಟಿ ಆಣೆ ಮಾಡಿಕೊಂಡಳು.

ಮಾರ್ಚ್ ತಿಂಗಳಲ್ಲಿ ಮಗುವಿಗೆ ಜ್ವರ ಬಂತು. ದೊಡ್ಡಬಳ್ಳಾಪುರದ ಡಾಕ್ಟರು ಔಷಧಿ ಕೊಟ್ಟು, ಇಳಿಯದಿದ್ದರೆ ಅಡ್ಮಿಟ್ ಮಾಡೋಣ ಎಂದಿದ್ದರು. ಇಳಿಯಲಿಲ್ಲ. ಮಾರನೆಯ ಮಧ್ಯಾಹ್ನ, ಬಿಸಿಲು ಧಗಧಗ ಎನ್ನುವ ಹೊತ್ತಿನಲ್ಲಿ, ಮೈ ಕೆಂಡವಾಗಿ ಮಗುವಿನ ಕಣ್ಣು ಮೇಲಕ್ಕೆ ಹೋಯಿತು. ಕೆಂಪರಾಜು ಆಟೋ ತರಲು ಓಡಿದ. ವಾಣಿಶ್ರೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಳು. ಲಕ್ಷ್ಮೀದೇವಮ್ಮ ತಲೆಯ ಹತ್ತಿರ ಕೂತು ತಿಪ್ಪೀ, ತಿಪ್ಪೀ ಎಂದು ಕೂಗತೊಡಗಿದಳು. ಕೂಗಿದಷ್ಟು ಸಲವೂ ಮಗುವಿನ ಉಸಿರು ಒಂದು ಕ್ಷಣ ನಿಂತು, ಮತ್ತೆ ಏದುಸಿರಾಗಿ ಹೊರಡುತ್ತಿತ್ತು. ವಾಣಿಶ್ರೀ ಸಿಂಧು ಎಂದರೆ ರೆಪ್ಪೆ ಅದುರುತ್ತಿತ್ತು, ಕೈಬೆರಳು ಆಡುತ್ತಿತ್ತು.

ಒಂದು ಸಲ ಉಸಿರು ನಿಂತದ್ದು ತುಂಬ ಹೊತ್ತು ಮತ್ತೆ ಬರಲಿಲ್ಲ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಹೆಸ್ರಲ್ಲಿ ಕರೀಬೇಡಿ," ಎಂದಳು ವಾಣಿಶ್ರೀ. ನಿಜವಾಗಿಯೂ ಕಾಲು ಹಿಡಿದುಕೊಂಡಿದ್ದಳು. "ಒಂದ್ಸಲ ಕಳ್ಕೊಂಡಿದ್ದೀನಿ ನಾನು. ನೀವೂ ಕರೀರಿ. ನೀವು ಕರೆದ್ರೆ ಉಳೀತಾಳೆ."

ಲಕ್ಷ್ಮೀದೇವಮ್ಮ ಮಗುವಿನ ಮುಖ ನೋಡಿದಳು. ತುಟಿ ನೀಲಿಯಾಗಿತ್ತು. ದೇವರ ಆಣೆ, ಕರ್ಪೂರ, ತಿಪ್ಪೆ, ಮೊರ ಎಲ್ಲ ಒಂದು ಕಡೆ, ಈ ಅಂಗೈಯಗಲದ ಮುಖ ಇನ್ನೊಂದು ಕಡೆ. ಬದುಕಿದರೆ ಸಾಕು, ಯಾವ ಹೆಸರಿನಲ್ಲಾದರೂ ಬದುಕಲಿ ಎನ್ನಿಸಿತು. ಬಾಯಿ ತೆರೆದು, ಸಿಂಧೂ, ಬಾರವ್ವ, ನನ್ನ ತಾಯಿ ಬಾರವ್ವ ಎಂದಳು. ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದ ಹೆಸರು ಒಂದೇ ಸಲಕ್ಕೆ ಹೊರಗೆ ಬಂತು. ಕರೆದಾಗ ಎಷ್ಟು ಸುಖವಾಯಿತೆಂದರೆ, ಮತ್ತೆ ಮತ್ತೆ ಕರೆದಳು.

ಮಗು ದೊಡ್ಡದಾಗಿ ಉಸಿರೆಳೆದುಕೊಂಡು ಕಣ್ಣು ಬಿಟ್ಟಿತು. ಆಟೋ ಬರುವಷ್ಟರಲ್ಲಿ ಮೈಯೆಲ್ಲ ಬೆವೆತು ಜ್ವರ ಇಳಿಯತೊಡಗಿತ್ತು. ಆದರೂ ಹೋಗಿ ತೋರಿಸಿದ್ದಕ್ಕೆ, ಔಷಧಿ ಹಿಡಿಯಲು ಅಷ್ಟು ಹೊತ್ತು ಬೇಕಾಗುತ್ತೆ ಎಂದರು ಡಾಕ್ಟರು.

ಬೆಳಗಾದ ಮೇಲೆ ಮಗು ಎದ್ದು ಕೂತು ಗಂಜಿ ಕೇಳಿತು. ಮಗ ಸೊಸೆ ಸಪ್ಪಲಮ್ಮನಿಗೆ ಕಾಯಿ ಒಡೆಸಲು ಹೋಗಿದ್ದರು. ಲಕ್ಷ್ಮೀದೇವಮ್ಮ ಗಂಜಿಯನ್ನು ಊದಿ ಊದಿ ಕುಡಿಸುತ್ತಿದ್ದಳು. ಒಂದಿಷ್ಟು ಕುಡಿದ ಮೇಲೆ ಮಗು ಅವಳ ಕೆನ್ನೆ ಸವರಿತು.

"ಅಜ್ಜಮ್ಮ, ನಿನ್ನೆ ತಿಪ್ಪಿ ಬಾಗ್ಲತ್ರಾನೇ ನಿಂತಿದ್ಳು. ನೀನು ಇನ್ನೊಂದ್ಸಲ ಕೂಗಿದ್ರೆ ಒಳಗೆ ಬರೋಣ ಅಂತ."

ಈಗ ಎಲ್ಲಿದ್ದಾಳೆ ಎಂದು ಕೇಳಿದಳೋ ಇಲ್ಲವೋ, ಲಕ್ಷ್ಮೀದೇವಮ್ಮನಿಗೇ ನೆನಪಿಲ್ಲ.

"ನೀನೂ ನನ್ನೇ ಕೂಗ್ದೆ ಅಲ್ವಾ," ಎಂದಿತು ಮಗು. "ಅತ್ಕೊಂಡು ಹೊಂಟೋದ್ಳು."

ಲಕ್ಷ್ಮೀದೇವಮ್ಮ ಎದ್ದು, ಬಟ್ಟಲನ್ನು ಮಗುವಿನ ಕೈಗೆ ಕೊಟ್ಟು, ಹೊಸಿಲ ಮೇಲೆ ಬಂದು ನಿಂತಳು. ಬೀದಿಯ ಕೊನೆಯವರೆಗೂ ಕೇಳುವಂತೆ, ತಿಪ್ಪೀ ಎಂದು ಕೂಗಿದಳು. ಮುನಿವೆಂಕಟಮ್ಮ ಹೊರಗೆ ಬಂದು, ಮಗು ಒಳಗೇ ಐತಲ್ಲಕ್ಕ, ಯಾರನ್ನ ಕೂಗ್ತಿದ್ದೀಯ ಎಂದು ಕೇಳಿದಳು. ಲಕ್ಷ್ಮೀದೇವಮ್ಮ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದಳು. ಹಿಂದೆ ಮಗು ಬಟ್ಟಲನ್ನು ಪೂರ್ತಿ ಖಾಲಿ ಮಾಡಿ, ಇನ್ನೊಂದು ಸ್ವಲ್ಪ ಗಂಜಿ ಹಾಕು ಅಜ್ಜಮ್ಮ ಎಂದಿತು.