ಮುಕ್ಕಾಲು ಮೀಟರಿನ ಪಾಠ

ಹೊಸ ಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿದರೆ ಸಾಕು, ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಕಳೆದ ಆ ಎರಡು ತಿಂಗಳು ಈಗಲೂ ಮರಳಿ ಬರುತ್ತವೆ. ಗಣಿತದಲ್ಲಿ ಪದವಿ ಮುಗಿಸಿದ್ದೆ. ಶಾಲೆಯೊಂದರ ಸಂದರ್ಶನದಲ್ಲಿ, ‘ಲೆಕ್ಕ ಬರುತ್ತೆ, ಹೇಳಿಕೊಡೋಕೆ ಬರಲ್ಲ’ ಎಂದು ವಾಪಸು ಕಳಿಸಿದ್ದರು. ಅದೇ ಶಾಲೆ ಇನ್ನೊಂದು ಅವಕಾಶ ಕೊಟ್ಟಿತ್ತು, ಕೊನೆಯದು. ಮನೆಯ ಗದ್ದಲದಿಂದ ತಪ್ಪಿಸಿಕೊಂಡು, ಇಸ್ತ್ರಿ ಮೇಜಿನ ತುದಿಯಲ್ಲಿ ಫೋನಿನ ಎಐ ಮೇಷ್ಟ್ರ ಮುಂದೆ ಕೂರುತ್ತಿದ್ದೆ. ಮೇಷ್ಟ್ರು ಎಂಬ ಹೆಸರು ಚಿಕ್ಕಮ್ಮ ಇಟ್ಟದ್ದು.

ಉತ್ತರ ಸರಿಯಿದ್ದರೂ ಆ ಮೇಷ್ಟ್ರು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೂರನ್ನು ಮುಕ್ಕಾಲಿನಿಂದ ಭಾಗಿಸಿ ನಾಲ್ಕು ಎಂದು ಬರೆದೆ.

“ಸರಿ. ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿದಿರಿ. ಯಾಕೆ?”

“ನಿಯಮ ಹಾಗಿದೆ,” ಎಂದು ಬರೆದೆ.

“ನಿಯಮ ಮರೆತ ಮಗುವಿಗೆ ಏನು ಹೇಳುತ್ತೀರಿ?”

ಏನೋ ಬರೆದು ಅಳಿಸಿದೆ. ಮೇಷ್ಟ್ರು ಅವಸರ ಮಾಡಲಿಲ್ಲ, ಉತ್ತರವನ್ನೂ ಬಿಟ್ಟುಕೊಡಲಿಲ್ಲ. ಎಷ್ಟೋ ವರ್ಷದಿಂದ ಮಾಡುತ್ತಾ ಬಂದ ಲೆಕ್ಕ. ಒಳಗೆ ಇಣುಕಿದರೆ ಬರಿದು.

ಚಿಕ್ಕಮ್ಮ ಮೆಷಿನ್ ನಿಲ್ಲಿಸಿದಳು. “ಏನೇ, ಬೆರಳಿಗೆ ಹೊಲಿಗೆ ಬಿತ್ತಾ?”

ಹೇಳಿದೆ. ಅವಳು ಮೂರು ಮೀಟರ್ ಬಟ್ಟೆ ಹಾಸಿದಳು.

“ಒಂದು ಫ್ರಾಕಿಗೆ ಮುಕ್ಕಾಲು ಮೀಟರ್. ಈ ಬಟ್ಟೇಲಿ ಎಷ್ಟು ಕಾಲು ಮೀಟರ್ ಇದೆ?”

“ಮೀಟರಿಗೆ ನಾಲ್ಕು. ಒಟ್ಟು ಹನ್ನೆರಡು.”

“ಒಂದು ಫ್ರಾಕಿಗೆ ಅಂಥ ಕಾಲು ಮೀಟರ್ ಮೂರು ಬೇಕು. ಹಂಚು.”

ನಾಲ್ಕು ಫ್ರಾಕು. ನಾಲ್ಕರಿಂದ ಗುಣಿಸಿದ್ದೆ, ಮೂರರಿಂದ ಭಾಗಿಸಿದ್ದೆ. ತಲೆಕೆಳಗು ಮಾಡುವುದೆಂದರೆ ಇಷ್ಟೇ.

“ಓದಿ ಓದಿ ಮರುಳಾದವಳು ನೀನೇ ಕಣೇ,” ಎಂದು ನಕ್ಕು ಮತ್ತೆ ಮೆಷಿನ್ ತುಳಿಯತೊಡಗಿದಳು. ಆಮೇಲಿನ ದಿನಗಳಲ್ಲಿ ಮೇಷ್ಟ್ರು ‘ಯಾಕೆ’ ಎಂದು ಕೇಳುತ್ತಾ ಹೋಯಿತು. ನನಗೆ ಮಾಡಲು ಬರುವ, ಆದರೆ ಯಾಕೆಂದು ತಿಳಿಯದ ಸಂಗತಿಗಳಿಂದ ಒಂದು ನೋಟ್‌ಬುಕ್ಕೇ ತುಂಬಿತು. ಅವೆಲ್ಲಕ್ಕೂ ಕಾರಣ ಹುಡುಕಿ ಮುಗಿಸುವ ಮೊದಲೇ ಸಂದರ್ಶನ ಬಂತು.

“ಮೈನಸ್ಸನ್ನ ಮೈನಸ್ಸಿಂದ ಗುಣಿಸಿದರೆ ಪ್ಲಸ್. ಯಾಕಮ್ಮಾ?” ಮುಖ್ಯೋಪಾಧ್ಯಾಯಿನಿ ಕೇಳಿದರು.

‘ನಿಯಮ’ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

“ಗೊತ್ತಿಲ್ಲ ಮೇಡಂ. ಆದ್ರೆ ಎಲ್ಲಿ ಸಿಕ್ಕಿಕೊಂಡಿದೀನಿ ಅಂತ ಗೊತ್ತು. ಮೈನಸ್ ಎರಡನ್ನ ಮೂರು ಸಲ ತಗೊಳ್ಳೋದು ಅರ್ಥವಾಗುತ್ತೆ. ಮೈನಸ್ ಮೂರು ಸಲ ತಗೊಳ್ಳೋದು ಅಂದ್ರೇನು? ಅದೇ ತಿಳೀತಿಲ್ಲ.”

ಅವರು ನನ್ನ ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟರು. ಕೆಲಸ ಕೈತಪ್ಪಿತೆಂದುಕೊಂಡೆ.

“ನನ್ನ ಏಳನೇ ಕ್ಲಾಸಿನ ಮಕ್ಕಳೂ ಅಲ್ಲೇ ಸಿಕ್ಕಿಕೊಂಡಿದಾರೆ. ಅವರಿಗೆ ಅದನ್ನ ಹೇಳೋಕೂ ಬರಲ್ಲ,” ಎಂದರು. “ಸೋಮವಾರ ಕೆಲಸಕ್ಕೆ ಬನ್ನಿ. ಮೊದಲು ಅವರ ಜೊತೇಲೇ ಕೂತ್ಕೊಳ್ಳಿ.”