ಬಾಟ್ಲಿ ಗಿಡ ಯಾರ ಕಡೆ

ಸೂರ್ಯನ್ನೇ ಕೈ ಹಿಡಿದು ಎಳ್ಕೊಂಡು ಬಂದು ನನ್ನ ರೂಮಲ್ಲಿ ಕೂರಿಸಿದವಳು ನಾನು ಕಣೇ! ನಗಬೇಡ. ಸರಿ, ಅರ್ಧ ಸುಳ್ಳು ಅಂತಿಟ್ಕೋ. ಉಳಿದರ್ಧ ಕೇಳು.

ನಮ್ಮನೇಲಿರೋದು ನಾನು, ನನ್ನ ವಾರಗಿತ್ತಿ. ಇಬ್ಬರ ಗಂಡಂದಿರೂ ಹೋದ್ರು, ಜಗಳ ಮಾತ್ರ ಗಟ್ಟಿಮುಟ್ಟಾಗಿದೆ. ಅವಳ ರೂಮಿಗೆ ಆನೆ ನುಗ್ಗೋವಷ್ಟು ದೊಡ್ಡ ಕಿಟಕಿ. ನನ್ನ ಕಿಟಕಿ ತೆಗೆದ್ರೆ ಕಾಂಪೌಂಡ್ ಗೋಡೆ ಮೂತಿಗೆ ಬಡಿಯುತ್ತೆ. ಅದಕ್ಕೇ ನನ್ನ ಮೊಮ್ಮಗಳು, ನನ್ನ ಸ್ವಂತ ಮಗನ ಮಗಳು, ರಜಕ್ಕೆ ಬಂದ್ರೆ ಹಾಸಿಗೆ ಹಾಸೋದು ಅವಳ ರೂಮಲ್ಲಿ! "ಚಿಕ್ಕಜ್ಜಿ ರೂಮಲ್ಲಿ ಗಾಳಿ ಬೆಳಕು ಚೆನ್ನಾಗಿದೆ ದೊಡ್ಡಜ್ಜಿ" ಅಂತಾಳೆ. ನನ್ನ ಹೊಟ್ಟೆಯುರಿ ಮೇಲೆ ಹಂಡೆ ಇಟ್ಟಿದ್ರೆ ಇಡೀ ಬೀದಿಗೆ ಸ್ನಾನದ ನೀರು ಕಾಯ್ತಿತ್ತು.

ಹೋದ ಸಲ ಹೊರಡೋವಾಗ ಆ ತುಂಟಿ ಒಂದು ಗಿಡದ ಕುಡಿನ ಗಾಜಿನ ಬಾಟ್ಲಿ ನೀರಲ್ಲಿ ಇಳಿಬಿಟ್ಟು, ನಮ್ಮಿಬ್ಬರ ಬಾಗಿಲ ಮಧ್ಯೆ ನಡುಮನೆ ಮೇಜಿನ ಮೇಲಿಟ್ಲು. "ಇದು ಯಾರ ಕಡೆ ವಾಲುತ್ತೋ, ಮುಂದಿನ ರಜಕ್ಕೆ ಅವರ ರೂಮಲ್ಲಿ ನನ್ನ ಹಾಸಿಗೆ."

ನೀರು ಬದಲಾಯಿಸಿದ್ದು ನಾನು, ಎಲೆ ಒರೆಸಿದ್ದು ನಾನು. ಕತ್ತು ಚಾಚಿದ್ದು ಅವಳ ಬಾಗಿಲಿಗೆ! ತಿರುಗಿಸಿಟ್ಟೆ. ನಾಚಿಕೆಗೆಟ್ಟಿದ್ದು ಮತ್ತೆ ಅತ್ತಲೇ ವಾಲ್ತು.

"ಗಿಡಕ್ಕೂ ಮನುಷ್ಯರು ಗೊತ್ತಾಗ್ತಾರೆ, ಅಕ್ಕಾ" ಅಂದ್ಲು ವಾರಗಿತ್ತಿ.

"ಗೊತ್ತಾಗೋದು ನಿನ್ನ ಕಿಟಕಿ, ನೀನಲ್ಲ ಕಣೇ."

ಅಷ್ಟರಲ್ಲಿ ಅವಳು ಕಣ್ಣಿನ ಪೊರೆ ತೆಗೆಸ್ಕೊಂಡು ಬಂದ್ಲು. "ಬಿಸಿಲು ನಿನ್ನ ಕಣ್ಣಿಗಾಗಲ್ಲಮ್ಮ" ಅಂತ ಅವಳ ಕಿಟಕಿಗೆ ದಪ್ಪ ಕಂಬಳಿ ಬಿಗಿದೆ. "ನನ್ನ ಮೇಲೆ ಎಷ್ಟು ಅಕ್ಕರೆ ಅಕ್ಕಂಗೆ!" ಅಂತ ಮೂಗು ಒರೆಸ್ಕೊಂಡ್ಲು, ಪಾಪ. ಆಮೇಲೆ ನನ್ನ ಬೀರು ಕನ್ನಡಿ ಬಿಚ್ಚಿಸಿ ಕಿಟಕಿ ಆಚೆ ಆ ಕಾಂಪೌಂಡ್ ಗೋಡೆಗೆ ಒರಗಿಸಿದೆ. ಬಿಸಿಲು ಅದಕ್ಕೆ ಬಡಿದು, ನನ್ನ ಕಿಟಕಿ ದಾಟಿ, ರೂಮು ಹಾದು ಸೀದಾ ಮೇಜಿಗೆ! ಗಿಡ ನನ್ನ ಬಾಗಿಲಿಗೆ ಹೇಗೆ ವಾಲ್ತು ಅಂತೀಯ, ಇನ್ನೊಂದು ಚೂರು ಬಿಟ್ಟಿದ್ರೆ ನನ್ನ ಮಂಚ ಹತ್ತಿ ಮಲಗ್ತಿತ್ತು.

ರಜ ಬಂತು, ಮೊಮ್ಮಗಳೂ ಬಂದ್ಲು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. "ನೋಡ್ಕೋ!"

ವಾರಗಿತ್ತಿ ಹೊಸ ಕಣ್ಣು ಅರಳಿಸ್ಕೊಂಡು ಬಗ್ಗಿದ್ಲು. "ಎಲೆ ದೊಡ್ಡಜ್ಜಿ ಕಡೆ, ಸರಿ. ಬೇರು ಯಾರ ಕಡೆ ಇದೆ, ಮಗೂ?"

ಅಯ್ಯೋ, ಬಾಟ್ಲಿ ಒಳಗೆ ಬಿಳೀ ಬೇರುಗಳೆಲ್ಲ ಅವಳ ಬಾಗಿಲಿಗೆ ತಿರುಗಿವೆ!

"ಬೇರು ಬೆಳಕಿಗೆ ಬೆನ್ನು ಹಾಕುತ್ತೆ ಚಿಕ್ಕಜ್ಜಿ."

"ಬೆನ್ನು ಯಾರಿಗಾದ್ರೂ ಹಾಕ್ಲಿ, ಬಂದಿದ್ದು ನನ್ನ ಹತ್ರ ತಾನೆ?"

"ಬೇರು ಲೆಕ್ಕಕ್ಕಿಲ್ಲ!" ಅಂತ ನಾನು ಕಿರುಚಿದೆ.

ಹುಡುಗಿ ಕಂಬಳಿ ನೋಡಿದ್ಲು, ಕನ್ನಡಿ ನೋಡಿದ್ಲು, ನನ್ನ ಮುಖ ನೋಡಿದ್ಲು. ಬಿದ್ದೂ ಬಿದ್ದೂ ನಕ್ಕಳು. ಬಾಟ್ಲಿ ಎತ್ತಿ ಕಪಾಟಿನ ಮೇಲಿಟ್ಟು, "ಅಜ್ಜೀರಾ, ಆಚೆ ಒಬ್ಬರು ಈಚೆ ಒಬ್ಬರು ಹಿಡ್ಕೊಳ್ಳಿ, ಈ ಮೇಜು ಗೋಡೆಗೆ ತಳ್ಳೋಣ" ಅಂದ್ಲು. ನಡುಮನೆ ಖಾಲಿ ಆಯ್ತು. ಮೂರು ಹಾಸಿಗೆ ತಂದ್ಲು.

ಮಧ್ಯದ್ದು ಅವಳದೇ, ಅದು ನಿನಗೂ ಗೊತ್ತಾಯ್ತು ಬಿಡು. ಆದ್ರೆ ಮಲಗಿದವಳು ಮುಖ ಯಾರ ಕಡೆ ತಿರುಗಿಸಿದ್ಲು? ಹೇಳೇ ನೋಡೋಣ.