ಸುಮ್ಮನಾದ ಕೂಸು

ನಂಜನಗೂಡು ಬಳಿಯ ಹದಿನಾರು ಗ್ರಾಮದ ರುದ್ರಮ್ಮನ ಮನೆಯಲ್ಲಿ ಎರಡು ದಿನದಿಂದ ಯಾರಿಗೂ ನೆಮ್ಮದಿಯಿಲ್ಲ. ಐದು ತಿಂಗಳ ಮೊಮ್ಮಗಳು ಅರ್ಪಿತಳಿಗೆ ನೆಗಡಿ, ಕೆಮ್ಮು, ಒಂದೇ ಸಮನೆ ಅಳು. ಮೂರನೆಯ ದಿನ ಬೆಳಿಗ್ಗೆ ರುದ್ರಮ್ಮ ಕೂಸಿಗೆ ಎಣ್ಣೆನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಕೊಟ್ಟಳು. ಹಳೇ ಸೀರೆಯಲ್ಲಿ ಕತ್ತಿನವರೆಗೂ ಬಿಗಿಯಾಗಿ ಸುತ್ತಿ ಮಲಗಿಸಿದಳು. ಅಳು ನಿಂತಿತು. ಆರು ಮಕ್ಕಳನ್ನು ಸಾಕಿದ ಕೈ ನನ್ನದು ಎಂದು ಅವಳಿಗೆ ಹೆಮ್ಮೆಯೇ ಆಯಿತು, ಪಾಪ.

ಸೊಸೆ ಚಂದ್ರಿಕಳಿಗೆ ಮಾತ್ರ ಮನಸ್ಸು ತಡೆಯಲಿಲ್ಲ. "ಅತ್ತೆ, ಕೂಸು ಆಲೇ ಕುಡೀತಿಲ್ಲ. ರಂಜಿನಿಯಕ್ಕನ್ನ ಕರೀಲಾ?"

"ನಿದ್ದೆ ಮಾಡ್ತಾ ಅದೆ ಕಣವ್ವ. ಎಬ್ಬಿಸ್ಬ್ಯಾಡ."

ಊರಿನ ಆಶಾ ಕಾರ್ಯಕರ್ತೆ ರಂಜಿನಿ ಸಂಜೆ ತಾನಾಗಿಯೇ ಬಂದಳು. "ಅವ್ವ, ಬಟ್ಟೆ ಬಿಚ್ಚಿ. ಕೂಸಿನ ಎದೆ ನೋಡ್ಬೇಕು."

"ಶೀತ ಆಯ್ತದೆ, ಬ್ಯಾಡ. ನೆಗಡಿಗೆಲ್ಲ ಆಸ್ಪತ್ರೆಗೆ ಓಗಕ್ಕಾದದಾ? ಅಳದೂ ನಿಂತದೆ."

ರಂಜಿನಿ ವಾದಕ್ಕಿಳಿಯದೆ ತಾನೇ ಸೀರೆ ಬಿಚ್ಚಿದಳು. ಕೂಸು ಉಸಿರೆಳೆದಾಗೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ತುಟಿ ನೀಲಿಗಟ್ಟಿತ್ತು.

"ಚಂದ್ರಿಕ, ೧೦೮ಕ್ಕೆ ಫೋನ್ ಮಾಡು! ಅಳಕ್ಕೂ ಉಸಿರು ಸಾಲ್ತಿಲ್ಲ ಕಣವ್ವ, ಅದಕ್ಕೇ ಸುಮ್ಕವಳೆ."

ಆಂಬುಲೆನ್ಸ್ ಬೇಗನೇ ಬಂತು. "ಕಾಪಾಡಪ್ಪ ನಂಜುಂಡಪ್ಪ" ಎಂದು ರುದ್ರಮ್ಮ ದಾರಿಯುದ್ದಕ್ಕೂ ಬೇಡಿಕೊಂಡಳು. ನಂಜನಗೂಡು ಮುಟ್ಟುವ ಮೊದಲೇ ಕೂಸು ಅವಳ ಮಡಿಲಲ್ಲೇ ಹೋಗಿಬಿಟ್ಟಿತು.

ನ್ಯುಮೋನಿಯಾ ಎಂದರು ಡಾಕ್ಟರು. ಬೆಳಿಗ್ಗೆಯೇ ಕರೆತಂದಿದ್ದರೆ ಉಳಿಯುತ್ತಿತ್ತೇನೋ ಎಂದರು. ಚಂದ್ರಿಕ ಅತ್ತೆಯ ಕೈಯಿಂದ ಕೂಸನ್ನು ತೆಗೆದುಕೊಂಡು ಹೊರಗೆ ನಡೆದಳು. ಬೈದಿದ್ದರೆ ರುದ್ರಮ್ಮನಿಗೆ ಎಷ್ಟೋ ವಾಸಿಯಾಗಿತ್ತು.

ಈಗ ಊರಲ್ಲಿ ಯಾರ ಮನೆಯ ಕೂಸು ಕೆಮ್ಮಿದರೂ ರುದ್ರಮ್ಮ ಹೋಗಿ ನಿಲ್ಲುತ್ತಾಳೆ. "ಬಟ್ಟೆ ಬಿಚ್ಚಿ ನೋಡ್ರವ್ವ. ನಾನು ನೋಡ್ನಿಲ್ಲ, ಕೂಸ ಕಳ್ಕಂಡೆ" ಎನ್ನುತ್ತಾಳೆ. ಹೇಳುವಾಗ ಪ್ರತಿ ಸಲವೂ ಅಳುತ್ತಾಳೆ.

ತಾಯಂದಿರೇ, ಅಜ್ಜಿಯರೇ, ಕೆಮ್ಮುವ ಕೂಸಿಗೆ ಹೊಗೆ ಕೊಡಬೇಡಿ, ಬಿಗಿಯಾಗಿ ಸುತ್ತಬೇಡಿ. ಮಲಗಿರುವಾಗ ಎದೆ ನೋಡಿ, ಗಡಿಯಾರ ಹಿಡಿದು ಉಸಿರು ಎಣಿಸಿ. ಎರಡು ತಿಂಗಳು ತುಂಬಿ ವರ್ಷವಾಗದ ಕೂಸಿಗೆ ನಿಮಿಷಕ್ಕೆ ಐವತ್ತು ಮುಟ್ಟಿದರೆ ಆಗಲೇ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಗೆ ಸೆಳೆದರೆ, ಹಾಲು ಬಿಟ್ಟರೆ, ಮಂಕಾದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ, ೧೦೮ಕ್ಕೆ ಫೋನ್ ಮಾಡಿ. ಸೊಸೆ ಬೆಳಿಗ್ಗೆಯೇ ಹೇಳಿದ್ದಳು, ರುದ್ರಮ್ಮ ಕೇಳಲಿಲ್ಲ. ನೀವಾದರೂ ಕೇಳಿ.